ಮನೆ ಹಿಂದೆ ತೋಟ, ಲೋಟದಲ್ಲಿ ಪ್ಯಾಕೆಟ್ ಕಾಫಿ: ಬೀಸಿಟ್ಟ ಪುಡಿಯೊಳಗೆ ಏನೇನಿದೆ?

ಮೂಡಿಗೆರೆ ಕಡೆಯ ನಮ್ಮ ಭಾವನಿಗೆ ಎಂಟು ಎಕರೆ ಕಾಫಿ ತೋಟವಿದೆ. ಅರೇಬಿಕಾ ಸ್ವಲ್ಪ, ರೊಬಸ್ಟಾ ಜಾಸ್ತಿ. ಈಚೆಗೆ ಚಿಕ್ಕಮಗಳೂರಿಗೆ ಬಂದವರು ಸೂಪರ್ ಮಾರ್ಕೆಟ್ಟಿಗೆ ಹೋಗಿ ಸೋಪು, ಬೇಳೆ, ಎಣ್ಣೆಯ ಜೊತೆ ಅರ್ಧ ಕೆಜಿ ಕಾಫಿಪುಡಿಯ ಪ್ಯಾಕೆಟ್ಟನ್ನೂ ಬುಟ್ಟಿಗೆ ಹಾಕಿಕೊಂಡರು. ಬಿಲ್ಲು ಮಾಡುವ ಹುಡುಗಿ ಪರಿಚಯದವಳೇ. "ಏನಣ್ಣಾ, ತೋಟದೋರೇ ಪ್ಯಾಕೆಟ್ ತಗೊಂಡ್ ಹೋದ್ರೆ ಹೆಂಗೆ?" ಅಂದಳು. ಭಾವ ನಗುತ್ತಾ, "ಬೀಜ ಇರೋದು ಮಾರೋಕೆ ಕಣಮ್ಮಾ, ಕುಡಿಯೋಕೆ ಪುಡಿ" ಅಂದರು.

ಇದು ಭಾವನೊಬ್ಬರ ಕತೆಯಲ್ಲ. ಸಕಲೇಶಪುರ, ಬೇಲೂರು, ಕೊಪ್ಪ, ಬಾಳೆಹೊನ್ನೂರು, ಎಲ್ಲಿ ಬೇಕಾದರೂ ತೋಟದ ಮನೆಯ ಅಡುಗೆಕೋಣೆಯ ಕಪಾಟು ತೆಗೆದು ನೋಡಿ. ಅಂಗಡಿಯಿಂದ ತಂದ, ಮೊದಲೇ ಬೀಸಿ ಕಟ್ಟಿದ ಪುಡಿ ಇರುತ್ತದೆ. ಅದನ್ನು ಇಷ್ಟಪಟ್ಟೇ ಕುಡಿಯುತ್ತಾರೆ, ಬೇರೆ ದಾರಿಯಿಲ್ಲದೆ ಅಲ್ಲ. ಪಟ್ಟಣದಲ್ಲಿ ಹೊಸದಾಗಿ ಕಾಫಿಯ ಹುಚ್ಚು ಹಿಡಿಸಿಕೊಂಡವರು ಮಾತ್ರ "ಬೀಸಿ ತಿಂಗಳಾದ ಪುಡಿಯಲ್ಲಿ ಏನಿರುತ್ತೆ ಮಣ್ಣು" ಎಂದು ಮೂಗು ಮುರಿಯುತ್ತಾರೆ.

ಪ್ಯಾಕೆಟ್ಟಿನಲ್ಲಿ ಏನಿದೆ ಎಂದು ತಿರುಗಿಸಿ ನೋಡುವ ಅಭ್ಯಾಸ ಈಗೀಗ ಶುರುವಾಗಿರುವುದಕ್ಕೆ ಬೆಲೆಯೂ ಒಂದು ಕಾರಣ. 2024ರಲ್ಲಿ ಬ್ರೆಜಿಲ್ ಮತ್ತು ವಿಯೆಟ್ನಾಂ ಎರಡೂ ಕಡೆ ಬರದ ಪೆಟ್ಟು ಬಿತ್ತು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಬೆಳೆಗಾರನಿಗೆ ಅದು ಹಬ್ಬ, ಕಾಫಿ ಕುಡಿಯುವವನ ಜೇಬಿಗೆ ಕತ್ತರಿ. ನಮ್ಮ ಭಾವ ಎರಡೂ ಆದ್ದರಿಂದ ನಗಬೇಕೋ ಅಳಬೇಕೋ ಅವರಿಗೇ ಗೊತ್ತಿಲ್ಲ. ಕೊಟ್ಟ ದುಡ್ಡಿಗೆ ಎಷ್ಟು ಕಾಫಿ ಬಂತು, ಎಷ್ಟು ಬೇರೇನೋ ಬಂತು ಅನ್ನುವ ಪ್ರಶ್ನೆ ಆಗ ತಾನಾಗಿ ಏಳುತ್ತದೆ.

ಹಸಿ ಬೀಜಕ್ಕೆ ಕಾಫಿಯ ವಾಸನೆ ಇಲ್ಲ

ಬಾಬಾಬುಡನ್ ಹದಿನೇಳನೆಯ ಶತಮಾನದಲ್ಲಿ ಯೆಮೆನ್‌ನ ಮೋಖಾದಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಎಂಬ ಐತಿಹ್ಯ ಇಲ್ಲಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಆ ಏಳು ಬೀಜದಿಂದ ಹಿಡಿದು ಇವತ್ತಿನ ಮೂಟೆಯವರೆಗೆ ಬದಲಾಗದ ಸಂಗತಿ ಒಂದಿದೆ: ತೋಟದಲ್ಲಿ ಕಾಫಿಯ ಪರಿಮಳ ಇರುವುದಿಲ್ಲ. ಹೂವು ಮಲ್ಲಿಗೆಯ ಹಾಗೆ ಘಮಘಮಿಸುತ್ತದೆ, ಹಣ್ಣಿನ ಸಿಪ್ಪೆ ಕೊಳೆತರೆ ಹುಳಿ ನಾತ ಬರುತ್ತದೆ, ಕಣದಲ್ಲಿ ಒಣಗಿದ ಬೀಜವನ್ನು ಮೂಸಿದರೆ ಒಣಹುಲ್ಲಿನಂಥ ವಾಸನೆ. ನಾವು ಕಾಫಿ ಎಂದು ಗುರುತಿಸುವ ವಾಸನೆ ಹುಟ್ಟುವುದು ಹುರಿದಾಗ ಮಾತ್ರ.

ಹುರಿಯುವ ಮೊದಲಿನ ಕತೆಯನ್ನು ಚುಟುಕಾಗಿ ಹೇಳುತ್ತೇನೆ. ಹಣ್ಣನ್ನು ಹಾಗೇ ಒಣಗಿಸಿದರೆ ಅದು ಚೆರ್ರಿ. ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಎರಡೂ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಿ ಹೊಟ್ಟು ಕಳೆದುಕೊಂಡು, ಗಾತ್ರಕ್ಕೆ ತಕ್ಕಂತೆ ಎ, ಬಿ, ಸಿ, ಪಿ.ಬಿ. (ಪೀಬೆರಿ, ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ದುಂಡುಬೀಜ) ಎಂದು ಬೇರೆಯಾಗುತ್ತವೆ. ಕೊನೆಯಲ್ಲಿ ಉಳಿಯುವ ಕಪ್ಪು ಬೀಜ, ಒಡಕು, ಚೂರುಗಳಿಗೂ ಒಂದು ದರ್ಜೆಯಿದೆ. ಸುಮಾರು ಐದಾರು ಕೆಜಿ ಹಣ್ಣಿಗೆ ಒಂದು ಕೆಜಿ ಹಸಿ ಬೀಜ ಸಿಗುತ್ತದೆ. ತೇವಾಂಶ ಶೇ. 10–12ರಲ್ಲಿ ಇಟ್ಟರೆ ಈ ಬೀಜ ತಿಂಗಳುಗಟ್ಟಲೆ ಮೂಟೆಯಲ್ಲಿ ತೆಪ್ಪಗೆ ಬಿದ್ದಿರುತ್ತದೆ, ಭತ್ತದ ಹಾಗೆ.

ಬಾಣಲೆಯೊಳಗೆ ನಡೆಯುವುದು

ಹುರಿಯುವಾಗ ಬೀಜದ ಒಳಗೆ ಬಿಸಿ 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಪಾಪ್‌ಕಾರ್ನಿನ ಹಾಗೆ ಚಟ್ ಚಟ್ ಎಂದು ಸಿಡಿಯುವ ಸದ್ದು ಬರುತ್ತದೆ. ಅಷ್ಟೊತ್ತಿಗೆ ಒಳಗಿನ ಸಕ್ಕರೆ, ಪ್ರೋಟೀನುಗಳು ಒಂದಕ್ಕೊಂದು ಕೂಡಿ ಕಂದುಬಣ್ಣಕ್ಕೆ ತಿರುಗಿರುತ್ತವೆ. ದೋಸೆಯ ಅಂಚು ಕೆಂಪಗಾಗುವುದು, ಶೇಂಗಾ ಹುರಿದಾಗ ಘಮ್ಮೆನ್ನುವುದು, ಎಲ್ಲ ಇದೇ ಬಗೆಯ ಕ್ರಿಯೆ. ಬೀಜ ಉಬ್ಬಿ ಹಗುರವಾಗುತ್ತದೆ. ಒಂದು ಕೆಜಿ ಹಸಿ ಬೀಜ ಹುರಿದರೆ ಕೈಗೆ ಬರುವುದು 800ರಿಂದ 850 ಗ್ರಾಂ. ಹೋದದ್ದರಲ್ಲಿ ಹೆಚ್ಚಿನದು ನೀರಿನ ಆವಿ.

ಹುರಿದ ಬೀಜದಲ್ಲಿ ಹೊಸದಾಗಿ ಎರಡು ವಸ್ತು ಸೇರಿಕೊಂಡಿರುತ್ತವೆ. ಮುಂದೆ ಹೇಳುವುದಕ್ಕೆಲ್ಲ ಇವೇ ಬುನಾದಿ.

ಒಂದು, ಪರಿಮಳದ ಅಂಶಗಳು. ಹುರಿದ ಕಾಫಿಯಲ್ಲಿ 800ಕ್ಕೂ ಹೆಚ್ಚು ಬಗೆಯ ಇಂಥ ಅಂಶಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಇವು ಬಲು ಚಂಚಲ, ಸಣ್ಣ ಬಿಸಿಗೂ ಹಾರಿಹೋಗುತ್ತವೆ, ಗಾಳಿ ತಾಗಿದರೆ ರೂಪ ಬದಲಿಸುತ್ತವೆ. ಎರಡನೆಯದು ಇಂಗಾಲದ ಡೈಆಕ್ಸೈಡ್, ಸೋಡಾದಲ್ಲಿ ಗುಳ್ಳೆ ಏಳಿಸುವ ಅದೇ ಅನಿಲ. ಒಂದು ಕೆಜಿ ಹುರಿದ ಬೀಜ ದಿನಗಳು, ವಾರಗಳು ಕಳೆಯುತ್ತಾ ಹೊರಬಿಡುವ ಅನಿಲ ಲೀಟರುಗಟ್ಟಲೆ ಇರುತ್ತದೆ. ಅದು ಒಳಗಿಂದ ಹೊರಕ್ಕೆ ನೂಕುತ್ತಿರುವಷ್ಟು ದಿನ ಹೊರಗಿನ ಆಮ್ಲಜನಕಕ್ಕೆ ಒಳಗೆ ಬರಲು ಜಾಗವಿರುವುದಿಲ್ಲ. ಕಿಕ್ಕಿರಿದ ಕೆಂಪು ಬಸ್ಸಿನಿಂದ ಜನ ಇಳಿಯುತ್ತಿರುವಾಗ ಹತ್ತಲು ಹೋದವನ ಪಾಡು ಅದರದು.

ಪುಡಿಯಾಗುವುದೆಂದರೆ

ಬೆಲ್ಲದ ಅಚ್ಚು ಮಳೆಗಾಲದಲ್ಲೂ ಒಂದಷ್ಟು ದಿನ ತಡೆಯುತ್ತದೆ. ಅದನ್ನೇ ಪುಡಿಮಾಡಿ ಇಟ್ಟರೆ ಎರಡೇ ದಿನಕ್ಕೆ ನೀರೊಡೆದು ಅಂಟು. ಇಡೀ ಏಲಕ್ಕಿ ವರ್ಷಗಟ್ಟಲೆ ಇರುತ್ತದೆ, ಕುಟ್ಟಿದ ಏಲಕ್ಕಿಯ ಘಮ ಪಾಯಸದ ಹೊತ್ತಿಗೇ ಅರ್ಧ ಇಳಿದಿರುತ್ತದೆ. ಕಾಫಿಯದೂ ಇದೇ ಲೆಕ್ಕ. ಒಂದು ಬೀಜವನ್ನು ಬೀಸಿದಾಗ ಅದು ನೂರಾರು, ಸಾವಿರಾರು ಚೂರಾಗುತ್ತದೆ, ಗಾಳಿಗೆ ತೆರೆದುಕೊಳ್ಳುವ ಮೈ ಅಷ್ಟರಮಟ್ಟಿಗೆ ಹಿಗ್ಗುತ್ತದೆ. ಒಳಗೆ ಕೂಡಿಟ್ಟ ಅನಿಲದ ದೊಡ್ಡ ಪಾಲು ಬೀಸಿದ ಮೊದಲ ಕೆಲವು ನಿಮಿಷಗಳಲ್ಲೇ ಹೊರಟುಹೋಗುತ್ತದೆ, ಜೊತೆಗೆ ಪರಿಮಳವನ್ನೂ ಹೊತ್ತುಕೊಂಡು. ಪುಡಿ ಬೀಸುವ ಅಂಗಡಿಯ ಮುಂದೆ ಹೋಗುವಾಗ ರಸ್ತೆಯೆಲ್ಲ ಘಮ್ಮೆನ್ನುತ್ತದಲ್ಲ, ಆ ಘಮ ನಿಮ್ಮ ಪೊಟ್ಟಣದಿಂದ ಕಳೆದುಹೋದದ್ದು. ರಸ್ತೆಯಲ್ಲಿ ಸಿಕ್ಕಿತು, ಲೋಟಕ್ಕೆ ಸಿಗುವುದಿಲ್ಲ.

ಆಮೇಲೆ ಆಮ್ಲಜನಕದ ಸರದಿ. ಬೀಜದಲ್ಲಿ ಎಣ್ಣೆಯಂಶವಿದೆ, ಅರೇಬಿಕಾದಲ್ಲಿ ಸುಮಾರು ಶೇ. 15, ರೊಬಸ್ಟಾದಲ್ಲಿ ಶೇ. 10ರ ಆಸುಪಾಸು. ಗಾಳಿ ತಾಗಿದ ಎಣ್ಣೆ ನಿಧಾನಕ್ಕೆ ಕಮಟು ಹಿಡಿಯುತ್ತದೆ. ಹಳೇ ಚಕ್ಕುಲಿಯ ಡಬ್ಬಿ ತೆಗೆದಾಗ ಬರುತ್ತದಲ್ಲ, ಅದರ ದೂರದ ನೆಂಟ. ಜೊತೆಗೆ ತೇವ ಬೇರೆ. ನಮ್ಮ ಮಲೆನಾಡಿನ ಜೂನ್‌–ಜುಲೈ ಅಂದರೆ ಕೇಳಬೇಕೇ, ಗೋಡೆಯೇ ಬೆವರುವ ಕಾಲ.

ಹಾಗಂತ ಎಲ್ಲವೂ ಹಾರಿಹೋಗುವುದಿಲ್ಲ. ಕಹಿ ಉಳಿಯುತ್ತದೆ. ಬಣ್ಣ ಉಳಿಯುತ್ತದೆ. ಕೆಫೀನ್ ಒಂದಿಷ್ಟೂ ಕದಲುವುದಿಲ್ಲ. ಡಿಕಾಕ್ಷನ್ನಿಗೆ ಮೈಕಟ್ಟು ಕೊಡುವ, ಕರಗುವ ಗಟ್ಟಿ ಅಂಶಗಳೂ ಹೆಚ್ಚುಕಡಿಮೆ ಹಾಗೇ ಇರುತ್ತವೆ. ಮೊದಲು ಹೋಗುವುದು ಮೂಗಿನದು, ನಾಲಿಗೆಯದು ನಿಲ್ಲುತ್ತದೆ. ಪ್ಯಾಕೆಟ್ ಕಾಫಿಯನ್ನು ಇಷ್ಟಪಡುವವರು ಏನನ್ನು ಇಷ್ಟಪಡುತ್ತಾರೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಅದಕ್ಕೆ ಮತ್ತೆ ಬರುತ್ತೇನೆ.

ಡಬ್ಬಿ, ಇಟ್ಟಿಗೆ, ದಿಂಬು

ಈ ಸೋರಿಕೆಯನ್ನು ತಡೆಯಲು ನೂರಿಪ್ಪತ್ತು ವರ್ಷಕ್ಕೂ ಮೇಲಿಂದ ಕಸರತ್ತು ನಡೆದಿದೆ. 1900ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹಿಲ್ಸ್ ಬ್ರದರ್ಸ್ ಕಂಪನಿ ತವರದ ಡಬ್ಬಿಯಿಂದ ಗಾಳಿ ಹೀರಿ ತೆಗೆದು ಕಾಫಿ ತುಂಬುವ ವಿಧಾನ ತಂದಿತು. ಅಮೆರಿಕದ ಮನೆಮನೆಗೂ ಡಬ್ಬಿ ಕಾಫಿ ಹೊಕ್ಕಿದ್ದು ಅಲ್ಲಿಂದ. ಮ್ಯಾಕ್ಸ್‌ವೆಲ್ ಹೌಸ್, ಫೋಲ್ಗರ್ಸ್ ಡಬ್ಬಿಗಳನ್ನು ನೋಡಿಕೊಂಡೇ ಅಲ್ಲಿ ಎರಡು ಮೂರು ತಲೆಮಾರು ಬೆಳೆದಿದೆ. 1930ರ ದಶಕದಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ ಫ್ರಾನ್ಸೆಸ್ಕೊ ಇಲ್ಲಿ ಎಂಬಾತ ಇನ್ನೊಂದು ಉಪಾಯ ಹೂಡಿದ. ಗಾಳಿ ತೆಗೆಯುವುದಷ್ಟೇ ಅಲ್ಲ, ಆ ಜಾಗಕ್ಕೆ ಕಾಫಿಯ ಗೊಡವೆಗೆ ಹೋಗದ ಅನಿಲವನ್ನು ಒತ್ತಡದಲ್ಲಿ ತುಂಬಿಸುವುದು. (ಇಲ್ಲಿ ಎಂಬುದು ಅವನ ಮನೆತನದ ಹೆಸರು. ಇಲ್ಲಿ–ಅಲ್ಲಿ ಎಂದು ಓದಿಕೊಂಡು ತಬ್ಬಿಬ್ಬಾಗಬೇಡಿ.)

ಈಗ ನಮ್ಮೂರಿನ ಅಂಗಡಿಯ ಶೆಲ್ಫಿಗೆ ಬನ್ನಿ. ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿದು ಒತ್ತಿ ನೋಡಿದರೆ ಸಾಕು, ಯಾವ ಉಪಾಯ ಬಳಸಿದ್ದಾರೆಂದು ತಿಳಿಯುತ್ತದೆ. ಇಟ್ಟಿಗೆಯ ಹಾಗೆ ಗಟ್ಟಿಯಿದ್ದರೆ ಗಾಳಿ ಹೀರಿ ತೆಗೆದದ್ದು. ಕತ್ತರಿ ತಾಗಿಸಿದ ಕೂಡಲೇ ಉಸ್ ಎಂದು ಗಾಳಿ ಎಳೆದುಕೊಂಡು ಮೆತ್ತಗಾಗುತ್ತದೆ. ದಿಂಬಿನ ಹಾಗೆ ಉಬ್ಬಿದ್ದರೆ ಸಾರಜನಕ ತುಂಬಿರುತ್ತಾರೆ, ಆಲೂಗಡ್ಡೆ ಚಿಪ್ಸಿನ ಪೊಟ್ಟಣಕ್ಕೆ ತುಂಬುವ ಹಾಗೆ. ಮುಂಭಾಗದಲ್ಲಿ ಅಂಗಿಯ ಗುಂಡಿಯಂಥದ್ದೊಂದು ಕೂತಿದ್ದರೆ ಅದು ವಾಲ್ವು. ಒಳಗಿನ ಅನಿಲ ಹೊರಗೆ ಹೋಗಬಹುದು, ಹೊರಗಿನ ಗಾಳಿ ಒಳಗೆ ಬರುವಂತಿಲ್ಲ. 1960ರ ದಶಕದಲ್ಲಿ ಇಟಲಿಯಲ್ಲಿ ರೂಪುಗೊಂಡ ಉಪಾಯ ಇದು. ಅಂಗಡಿಯಲ್ಲಿ ಪ್ಯಾಕೆಟ್ಟನ್ನು ಹಿಸುಕಿ ಆ ರಂಧ್ರಕ್ಕೆ ಮೂಗು ಹಿಡಿಯುವವರನ್ನು ನೋಡಿದ್ದೇನೆ. ಹಾಗೆ ಹಿಸುಕಿದವರು ಕೊಂಡುಕೊಳ್ಳಲಿ ಎಂಬುದು ನನ್ನ ಸಣ್ಣ ಕೋರಿಕೆ. ಒಳಗಿನ ಘಮವನ್ನು ನೀವು ಹೀರಿಕೊಂಡು ಖಾಲಿ ಮಾಡಿದ್ದನ್ನು ಇನ್ನೊಬ್ಬರು ಯಾಕೆ ಒಯ್ಯಬೇಕು?

ಇಟ್ಟಿಗೆಯಂಥ ಪ್ಯಾಕೆಟ್ಟಿಗೆ ಒಂದು ಷರತ್ತಿದೆ. ಆಗತಾನೇ ಬೀಸಿದ ಪುಡಿಯನ್ನು ಅದರೊಳಗೆ ತುಂಬುವಂತಿಲ್ಲ, ಅನಿಲ ಬಿಟ್ಟು ಬಿಟ್ಟು ಪೊಟ್ಟಣ ಉಬ್ಬಿಕೊಳ್ಳುತ್ತದೆ. ಹಾಗಾಗಿ ಪುಡಿಯನ್ನು ಒಂದಷ್ಟು ಹೊತ್ತು ಬಿಟ್ಟು, ಅನಿಲ ಹೋದ ಮೇಲೆ ಕಟ್ಟುತ್ತಾರೆ. ಅನಿಲದ ಜೊತೆ ಪರಿಮಳವೂ ಒಂದಿಷ್ಟು ಹೋಗಿರುತ್ತದೆ. ಅಂದರೆ ಒಳ್ಳೆಯ ಪ್ಯಾಕಿಂಗು ಉಳಿದದ್ದನ್ನು ಕಾಯುತ್ತದೆ, ಹೋದದ್ದನ್ನು ತಂದುಕೊಡುವುದಿಲ್ಲ. ಕತ್ತರಿ ಹಾಕಿದ ಮೇಲಂತೂ ಕಾಯುವ ಕೆಲಸ ನಮ್ಮದೇ.

ಚಿಕೋರಿ: ಕಾಫಿಯ ಗಿಡಕ್ಕೂ ಇದಕ್ಕೂ ನಂಟಿಲ್ಲ

ಚಿಕೋರಿ ಅಂದರೆ ಅಗ್ಗದ ಕಾಫಿ ಬೀಜ ಎಂದೇ ಎಷ್ಟೋ ಜನ ತಿಳಿದಿದ್ದಾರೆ. ಕಾಫಿ ಬೆಳೆಯುವ ಜಿಲ್ಲೆಯಲ್ಲೂ! ಅದು ಬೀಜವೇ ಅಲ್ಲ, ಬೇರು. ಮೂಲಂಗಿಯಂಥ ಗಡ್ಡೆಬೇರನ್ನು ಹೆಚ್ಚಿ, ಒಣಗಿಸಿ, ಹುರಿದು ಪುಡಿ ಮಾಡುತ್ತಾರೆ. ಗಿಡ ಸೇವಂತಿಗೆ, ಸೂರ್ಯಕಾಂತಿಯ ಕುಲದ್ದು, ನೀಲಿ ಹೂ ಬಿಡುತ್ತದೆ. ನಮ್ಮ ದೇಶದಲ್ಲಿ ಗುಜರಾತಿನ ಜಾಮ್‌ನಗರ, ಉತ್ತರ ಪ್ರದೇಶದ ಕೆಲವು ಜಿಲ್ಲೆಗಳಲ್ಲಿ ಬೆಳೆಯುತ್ತಾರೆ. ಮಲೆನಾಡಿಗೂ ಅದಕ್ಕೂ ಸಂಬಂಧವಿಲ್ಲ.

ಕಾಫಿಗೆ ಇದು ಜೋಡಿಯಾದದ್ದು ಬಡತನದಿಂದ. 1806ರಲ್ಲಿ ನೆಪೋಲಿಯನ್ ಬ್ರಿಟನ್ನಿನ ಜೊತೆಗಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದಾಗ ಯೂರೋಪಿಗೆ ಕಾಫಿ ಬರುವುದು ದುಸ್ತರವಾಯಿತು. ಫ್ರೆಂಚರು ಚಿಕೋರಿ ಬೆರೆಸಿ ಕುಡಿದರು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ನ್ಯೂ ಆರ್ಲಿಯನ್ಸ್ ಬಂದರು ಮುಚ್ಚಿದಾಗ ಅಲ್ಲಿನವರಿಗೂ ಇದೇ ಗತಿಯಾಯಿತು. ದಿಗ್ಬಂಧನ ಮುಗಿಯಿತು, ರುಚಿ ಮಾತ್ರ ನಾಲಿಗೆಯಲ್ಲಿ ಉಳಿಯಿತು. 1862ರಲ್ಲಿ ಶುರುವಾದ ಅಲ್ಲಿನ ಕೆಫೆ ದು ಮೊಂಡ್ ಇವತ್ತಿಗೂ ಚಿಕೋರಿ ಬೆರೆಸಿದ ಹಾಲಿನ ಕಾಫಿ ಕೊಡುತ್ತದೆ, ಪುಡಿಯನ್ನು ಡಬ್ಬಿಯಲ್ಲಿ ಮಾರುತ್ತದೆ. ಹಾಸನದ ಹೋಟೆಲಿನ ಕಾಫಿ ಕುಡಿದು ಬೆಳೆದವನಿಗೆ ಅಲ್ಲಿ ಊರು ನೆನಪಾಗಬಹುದು.

ಚಿಕೋರಿಯ ಕೆಲಸವೇನು? ಕಾಫಿಪುಡಿಯನ್ನು ಎಷ್ಟೇ ಹಿಂಡಿದರೂ ಅದರಲ್ಲಿ ನೀರಿಗೆ ಕರಗಿ ಬರುವುದು ಹೆಚ್ಚೆಂದರೆ ಶೇ. 30ರಷ್ಟು. ಉಳಿದದ್ದು ಗಸಿ, ಗಿಡದ ಬುಡಕ್ಕೆ. ಹುರಿದ ಚಿಕೋರಿಯಲ್ಲಿ ಶೇ. 70ರ ಸುಮಾರು ಕರಗುತ್ತದೆ. ಹಾಗಾಗಿ ಒಂದು ಚಮಚ ಚಿಕೋರಿ ಡಿಕಾಕ್ಷನ್ನಿಗೆ ಕೊಡುವ ಬಣ್ಣ, ದಪ್ಪವನ್ನು ಕಾಫಿ ಕೊಡಬೇಕಾದರೆ ಎರಡು ಚಮಚಕ್ಕೂ ಹೆಚ್ಚು ಬೇಕು. ಬೇರಿನಲ್ಲಿರುವ ಇನ್ಯುಲಿನ್ ಎಂಬ ಸಕ್ಕರೆಯ ಬಳಗದ ಪದಾರ್ಥ ಹುರಿದಾಗ ಕಂದಿ, ಸುಟ್ಟ ಬೆಲ್ಲದಂಥ ಕಹಿ–ಸಿಹಿ ಕೊಡುತ್ತದೆ. ಕೆಫೀನ್ ಸೊನ್ನೆ.

ಇದನ್ನು ಮನೆಯಲ್ಲೇ ನೋಡಬಹುದು. ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಂಡು ಅರ್ಧ ಚಮಚ ಪುಡಿಯನ್ನು ಮೇಲೆ ಮೆಲ್ಲಗೆ ಉದುರಿಸಿ. ಕಲಕಬೇಡಿ. ಭಾವನ ಮನೆಯ ಅಡುಗೆಕಟ್ಟೆಯ ಮೇಲೆ ನಾನು ಮಾಡಿದಾಗ ಹೀಗಾಯಿತು: ಮೊದಲ ಐದಾರು ಸೆಕೆಂಡು ಎಲ್ಲ ತೇಲುತ್ತಿತ್ತು. ಆಮೇಲೆ ಒಂದೊಂದೇ ಕಣ ಕಳಚಿಕೊಂಡು ಕೆಳಗಿಳಿಯತೊಡಗಿತು. ಇಳಿಯುತ್ತಾ ಹಿಂದೆ ಕಂದು ದಾರ ಬಿಡುತ್ತಿತ್ತು, ಜೇಡ ನೂಲಿಗೆ ಜೋತುಬಿದ್ದು ಇಳಿದ ಹಾಗೆ. ಒಂದು ನಿಮಿಷವಾಗುವಷ್ಟರಲ್ಲಿ ಲೋಟದ ತಳದಲ್ಲಿ ಒಂದು ಪದರ, ಮೇಲೊಂದು ಪದರ, ನಡುವೆ ಚಹಾದ ಬಣ್ಣದ ನೀರು. ತಳಕ್ಕಿಳಿದು ಬಣ್ಣ ಬಿಟ್ಟದ್ದು ಚಿಕೋರಿ. ಎಣ್ಣೆಯಂಶ, ಅನಿಲ ಇರುವ ಕಾಫಿಯ ಕಣ ತಣ್ಣೀರಿನಲ್ಲಿ ಬೇಗ ನೆನೆಯದೆ ತೇಲುತ್ತದೆ. ಆದರೆ ಈ ಪರೀಕ್ಷೆ ಚಿಕೋರಿ ಇದೆಯೋ ಇಲ್ಲವೋ ಹೇಳುತ್ತದೆಯೇ ಹೊರತು ಎಷ್ಟಿದೆ ಎಂದಲ್ಲ. ತೀರಾ ಹಳೆಯ, ತೀರಾ ನುಣ್ಣನೆಯ ಕಾಫಿಪುಡಿಯೂ ನಿಧಾನಕ್ಕೆ ಮುಳುಗುತ್ತದೆ.

ಎಷ್ಟಿದೆ ಎಂಬುದನ್ನು ಲೋಟ ಹೇಳಬೇಕಿಲ್ಲ, ಪ್ಯಾಕೆಟ್ಟೇ ಹೇಳಬೇಕು. ಭಾರತೀಯ ಆಹಾರ ಸುರಕ್ಷತಾ ನಿಯಮದ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಲೇಬೇಕು, ಎರಡರ ಪ್ರಮಾಣವನ್ನೂ ಲೇಬಲ್ಲಿನಲ್ಲಿ ಮುದ್ರಿಸಬೇಕು. ಭಾವನ ಪ್ಯಾಕೆಟ್ಟಿನಲ್ಲಿ 53–47 ಎಂದಿತ್ತು. ಅರ್ಧ ಕೆಜಿಯಲ್ಲಿ ಕಾಫಿ 265 ಗ್ರಾಂ, ಚಿಕೋರಿ 235 ಗ್ರಾಂ. ಭಾವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಅಲ್ಲಯ್ಯಾ, ಇಷ್ಟು ವರ್ಷ ನಾನು ಗುಜರಾತಿನೋರ ಬೇರು ಕುಡಿದ್ನಾ?"

ಅರ್ಧದಷ್ಟು ಎಂದೇ ಹೇಳೋಣ. ಆದರೂ ಬೆಳಿಗ್ಗೆ ಕಣ್ಣು ತೆರೆಸಿದ್ದು ಹೇಗೆ? ಇಲ್ಲಿ ರೊಬಸ್ಟಾ ಬರುತ್ತದೆ. ಅರೇಬಿಕಾದಲ್ಲಿ ಕೆಫೀನ್ ಸುಮಾರು ಶೇ. 1.2, ರೊಬಸ್ಟಾದಲ್ಲಿ ಶೇ. 2.2ರ ಹತ್ತಿರ. ಹತ್ತು ಗ್ರಾಂ ಅಪ್ಪಟ ಅರೇಬಿಕಾ ಪುಡಿಯಲ್ಲಿ 120 ಮಿಲಿಗ್ರಾಂ ಕೆಫೀನ್ ಇದ್ದರೆ, 53–47ರ ಹತ್ತು ಗ್ರಾಂ ಪುಡಿಯಲ್ಲಿನ 5.3 ಗ್ರಾಂ ಕಾಫಿ ಪೂರ್ತಿ ರೊಬಸ್ಟಾ ಆದರೆ 117 ಮಿಲಿಗ್ರಾಂ. ಸರಿಸುಮಾರು ಒಂದೇ! ಅಗ್ಗದ ಮಿಶ್ರಣ ಕುಡಿದರೂ ತಲೆನೋವು ಬಿಡುವುದರ ಹಿಂದಿನ ಗಣಿತ ಇದು. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಶೇ. 70 ರೊಬಸ್ಟಾ ಎಂಬುದನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು.

ಹಾಲು ಬಿದ್ದ ಮೇಲೆ

ಈಗ ಮೊದಲಿನ ಪ್ರಶ್ನೆ. ಪರಿಮಳ ಹೋಗಿರುತ್ತದೆ, ಅರ್ಧ ಚಿಕೋರಿ ಇರುತ್ತದೆ, ಆದರೂ ಜನ ಅದನ್ನೇ ಬಯಸಿ ಬಯಸಿ ಕುಡಿಯುವುದು ಯಾಕೆ?

ನಾವು ಕುಡಿಯುವುದು ಹಾಲಿನ ಕಾಫಿ. ಹಾಲಿನ ಪ್ರೋಟೀನು ಕಾಫಿಯ ಒಗರಿಗೆ ಅಂಟಿಕೊಂಡು ಅದನ್ನು ಮೆತ್ತಗಾಗಿಸುತ್ತದೆ, ಕೊಬ್ಬು ಪರಿಮಳದ ಅಂಶಗಳನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಸಕ್ಕರೆ. ಇಷ್ಟರ ನಡುವೆ ತಾಜಾ ಅರೇಬಿಕಾದ ನಿಂಬೆಯಂಥ ಸಣ್ಣ ಹುಳಿ, ಹೂವಿನಂಥ ಎಳೆ ಪರಿಮಳ ಎಲ್ಲಿ ಕಾಣಬೇಕು? ನಾದಸ್ವರದ ಪಕ್ಕ ಕೂತು ತಂಬೂರಿ ಮೀಟಿದ ಹಾಗೆ. ಹಾಲನ್ನು ಎದುರಿಸಿ ನಿಲ್ಲುವುದು ಕಹಿ, ದಪ್ಪ, ಸುಟ್ಟ ಬೆಲ್ಲದ ರುಚಿ, ಕಡುಬಣ್ಣ. ಕಡು ಹುರಿದ ರೊಬಸ್ಟಾ ಮತ್ತು ಚಿಕೋರಿ ಕೊಡುವುದು ಇವನ್ನೇ, ಪುಡಿ ಹಳತಾದರೂ ತಡೆದು ನಿಲ್ಲುವುದೂ ಇವೇ. ಪ್ಯಾಕೆಟ್ ಕಾಫಿ ಕಳೆದುಕೊಳ್ಳುವುದನ್ನು ಹಾಲಿನ ಲೋಟ ಮೊದಲೇ ಕೇಳಿರುವುದಿಲ್ಲ. ಅದೇ ಪುಡಿಯನ್ನು ಹಾಲಿಲ್ಲದೆ, ಸಕ್ಕರೆಯಿಲ್ಲದೆ ಕುಡಿದು ನೋಡಿ. ಮೂಗು ಮುರಿದವರ ಮಾತು ಆಗ ಅರ್ಥವಾಗುತ್ತದೆ. ಎರಡೂ ಕಡೆಯವರು ಹೇಳುವುದು ನಿಜವೇ, ಕುಡಿಯುವ ಲೋಟ ಬೇರೆ.

ಇನ್ನೊಂದು ಕಾರಣ, ಬದಲಾಗದ ರುಚಿ. ಮದುವೆಮನೆಯ ಅಡುಗೆಭಟ್ಟರನ್ನು ನೋಡಿ. ಇವತ್ತು ಸಿಕ್ಕ ಟೊಮೆಟೊ ಹುಳಿ, ನಾಳೆ ಸಿಕ್ಕದ್ದು ಸಪ್ಪೆ, ಆದರೆ ಅವರ ಸಾರು ಯಾವತ್ತೂ ಅವರ ಸಾರೇ. ದೊಡ್ಡ ಕಾಫಿ ಕಂಪನಿಗಳಲ್ಲೂ ಹಾಗೆ ರುಚಿ ನೋಡಿ ಬೆರೆಸುವವರಿರುತ್ತಾರೆ. ಈ ಸಲ ಒಂದು ಕಡೆಯ ಬೀಜ ತುಟ್ಟಿಯಾದರೆ ಇನ್ನೊಂದು ಕಡೆಯದನ್ನು ತಂದು, ಹುರಿಯುವ ಹದ ಬದಲಿಸಿ, ಕೊನೆಯ ರುಚಿ ಹೋದ ವರ್ಷದ್ದೇ ಆಗುವಂತೆ ನೋಡಿಕೊಳ್ಳುತ್ತಾರೆ. ಕಡು ಹುರಿದರೆ ಬೀಜಬೀಜಗಳ ನಡುವಿನ ವ್ಯತ್ಯಾಸ ಅಳಿಸಿಹೋಗುವುದರಿಂದ ಅವರ ಕೆಲಸ ಹಗುರವಾಗುತ್ತದೆ.

ತೋಟದ ಮನೆಗಳಲ್ಲಿ ಪರಿಸ್ಥಿತಿ ಇದಕ್ಕೆ ತದ್ವಿರುದ್ಧವಾಗಿತ್ತು. ನಮ್ಮಜ್ಜಿ ಕಬ್ಬಿಣದ ಬಾಣಲೆಯಲ್ಲಿ ಬೀಜ ಹುರಿಯುತ್ತಿದ್ದರು. ಹುರಿಯುತ್ತಿದ್ದದ್ದು ಕ್ಯೂರಿಂಗಿಗೆ ಕಳಿಸಲಾಗದೆ ಉಳಿದ ಕರಿಬೀಜ, ಒಡಕು. ಒಡಕು ಬೇಗ ಸೀದು ಹೋಗುತ್ತಿತ್ತು, ಇಡೀ ಬೀಜ ಒಳಗೆ ಹಸಿಯೇ ಉಳಿಯುತ್ತಿತ್ತು, ಅಡುಗೆಮನೆಯೆಲ್ಲ ಹೊಗೆ. ಮೇಜಿನ ಅಂಚಿಗೆ ಕಚ್ಚಿಸಿದ ಕೈಮಿಲ್ಲು ತಿರುಗಿಸುವ ಕೆಲಸ ಮಕ್ಕಳದ್ದು. ಒಂದು ಸಲದ ಪುಡಿ ಅಮೃತ, ಇನ್ನೊಂದು ಸಲದ್ದು ಇದ್ದಿಲು. ಹಿಂದೆ 1942ರ ಕಾಫಿ ಕಾಯಿದೆಯ ಕಾಲದಲ್ಲಿ ಮನೆಬಳಕೆಗೆ, ಬಿತ್ತನೆಗೆ ಎಂದು ಬಿಟ್ಟದ್ದನ್ನು ಹೊರತುಪಡಿಸಿ ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ, ಅಂದರೆ ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ, ಕೊಡಬೇಕಿತ್ತು. 1990ರ ದಶಕದಲ್ಲಿ ಆ ಕಟ್ಟು ಸಡಿಲಿತು. ಆದರೆ ಒಳ್ಳೆಯ ಬೀಜ ಮಾರಾಟಕ್ಕೆ, ಉಳಿದದ್ದು ಮನೆಗೆ ಎಂಬ ಅಭ್ಯಾಸ ಮನೆಗಳಲ್ಲಿ ಹಾಗೇ ಉಳಿದುಕೊಂಡಿತು. ಅಂಥ ಮನೆಗೆ ಪ್ಯಾಕೆಟ್ ಬಂದಾಗ ಅದು ಇಳಿಕೆಯಲ್ಲ, ಬಡ್ತಿ.

ಲೇಬಲ್ಲಿನಲ್ಲಿ ಏನು ನೋಡುವುದು

ಮೊದಲು, ಫಿಲ್ಟರ್ ಪುಡಿಯೋ ಇನ್‌ಸ್ಟಂಟೋ ನೋಡಿ. ಇನ್‌ಸ್ಟಂಟ್ ಅಂದರೆ ಕಾರ್ಖಾನೆಯಲ್ಲೇ ಡಿಕಾಕ್ಷನ್ ಇಳಿಸಿ, ಅದರ ನೀರು ಆರಿಸಿ ಉಳಿಸಿದ ಪುಡಿ. ಬಿಸಿನೀರಿಗೆ ಪೂರ್ತಿ ಕರಗುತ್ತದೆ. ಫಿಲ್ಟರ್ ಪುಡಿ ಕರಗುವುದಿಲ್ಲ. ಹಾಸ್ಟೆಲಿನಲ್ಲಿದ್ದಾಗ ಇದು ಗೊತ್ತಿಲ್ಲದೆ ಫಿಲ್ಟರ್ ಪುಡಿಯನ್ನು ಬಿಸಿ ಹಾಲಿಗೆ ಕಲಕಿ ನಾಲ್ಕು ಜನ ಸ್ನೇಹಿತರಿಗೆ ಕೊಟ್ಟಿದ್ದೆ. ಮರಳು ಜಗಿದ ಹಾಗೆ ಜಗಿದರು ಪಾಪ, ಮರ್ಯಾದೆಗೆ.

ಎರಡನೆಯದು ಆ ಪ್ರಮಾಣ: 53–47, 60–40, 70–30, 80–20. ಬೆಲೆ ಹೋಲಿಸುವಾಗ ಪುಡಿಯ ತೂಕವನ್ನಲ್ಲ, ಒಳಗಿನ ಕಾಫಿಯ ತೂಕವನ್ನು ಲೆಕ್ಕಕ್ಕೆ ಹಿಡಿಯಿರಿ. ಉದಾಹರಣೆಗೆ 500 ಗ್ರಾಮಿನ 53–47 ಪ್ಯಾಕೆಟ್ಟಿಗೆ 300 ರೂಪಾಯಿ, 80–20ಕ್ಕೆ 400 ರೂಪಾಯಿ ಎಂದಿಟ್ಟುಕೊಳ್ಳೋಣ. ಮೊದಲನೆಯದರಲ್ಲಿ 265 ಗ್ರಾಂ ಕಾಫಿ, ಎರಡನೆಯದರಲ್ಲಿ 400 ಗ್ರಾಂ. ನೋಡಲು ಅಗ್ಗದ್ದು ಕಾಫಿಯ ಲೆಕ್ಕದಲ್ಲಿ ತುಟ್ಟಿ. ಆದರೆ ಚಿಕೋರಿ ಹೆಚ್ಚಿದ್ದರೆ ಡಿಕಾಕ್ಷನ್ ಹೆಚ್ಚು ಲೋಟಕ್ಕೆ ಒದಗುತ್ತದೆ ಎಂಬುದೂ ನಿಜ. ಮನೆ ತುಂಬ ನೆಂಟರಿದ್ದಾಗ ಇದರ ಬೆಲೆ ಗೊತ್ತಾಗುತ್ತದೆ.

ಮೂರನೆಯದು ದಿನಾಂಕ. ಪ್ಯಾಕೆಟ್ಟಿನ ಮೇಲಿರುವುದು ಸಾಮಾನ್ಯವಾಗಿ ಪೊಟ್ಟಣ ಕಟ್ಟಿದ ದಿನ, ಬೀಜ ಹುರಿದ ದಿನವಲ್ಲ. ಇಂತಿಷ್ಟು ತಿಂಗಳೊಳಗೆ ಬಳಸಿದರೆ ಉತ್ತಮ ಎಂದಿರುವುದು ಕಟ್ಟು ಬಿಚ್ಚದ ಪ್ಯಾಕೆಟ್ಟಿಗೆ ಸೇರಿದ್ದು. ಅವಧಿ ದಾಟಿದ ಪುಡಿಯಲ್ಲಿ ಮೊದಲು ಕೆಡುವುದು ರುಚಿ.

ಇನ್ನು ಬೆಟ್ಟ, ಮಂಜು, ಬುಟ್ಟಿ ಹೊತ್ತ ಹೆಂಗಸಿನ ಚಿತ್ರ. ಅದರಿಂದ ಏನೂ ತಿಳಿಯುವುದಿಲ್ಲ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಗೂ ಬಾಬಾಬುಡನ್‌ಗಿರಿ ಅರೇಬಿಕಾಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆ ಹೆಸರು ಇಂತಿಂಥ ಪ್ರದೇಶದಲ್ಲಿ ಬೆಳೆದ ಅರೇಬಿಕಾಗೆ ಮಾತ್ರ ಸಲ್ಲುತ್ತದೆ. ಚಿತ್ರಕ್ಕೆ ಅಂಥ ಕಟ್ಟುಪಾಡೇನಿಲ್ಲ.

ಪ್ಯಾಕೆಟ್ಟಿಗೂ ಮನೆಯ ಬಾಣಲೆಗೂ ನಡುವೆ ನಮ್ಮೂರುಗಳಲ್ಲಿ ಮೂರನೆಯ ದಾರಿಯೂ ಇದೆ ಎಂಬುದನ್ನು ಬಿಡುವ ಹಾಗಿಲ್ಲ. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲೋ ಹಾಸನದ ಪೇಟೆಯಲ್ಲೋ ಕಣ್ಣೆದುರೇ ಬೀಸಿಕೊಡುವ ಅಂಗಡಿಗಳು. "ಚಿಕೋರಿ ಎಷ್ಟು ಹಾಕ್ಲಿ ಸಾರ್?" ಎಂದು ಅವರು ಕೇಳುತ್ತಾರೆ, ಉತ್ತರ ನಿಮ್ಮದು. ಪ್ಯಾಕಿಂಗು ಕಾಗದದ ಪೊಟ್ಟಣವಾದ್ದರಿಂದ ಹೆಚ್ಚು ದಿನಕ್ಕೆ ಕೊಳ್ಳುವಂತಿಲ್ಲ, ಅಷ್ಟೆ.

ಕತ್ತರಿ ಹಾಕಿದ ಮೇಲೆ

ಗಾಳಿ, ತೇವ, ಬಿಸಿ, ಬೆಳಕು, ಈ ನಾಲ್ಕರಿಂದ ದೂರವಿಟ್ಟರೆ ಬಿಚ್ಚಿದ ಪುಡಿ ಎರಡು ಮೂರು ವಾರ ಚೆನ್ನಾಗಿರುತ್ತದೆ. ದೊಡ್ಡ ಡಬ್ಬಿಯ ತಳದಲ್ಲಿ ಸ್ವಲ್ಪ ಪುಡಿ ಇಟ್ಟರೆ ಮೇಲೆಲ್ಲ ಗಾಳಿಯೇ. ಅದಕ್ಕಿಂತ ಪುಡಿಯನ್ನು ಪ್ಯಾಕೆಟ್ಟಿನಲ್ಲೇ ಬಿಟ್ಟು, ಗಾಳಿ ಒತ್ತಿ ತೆಗೆದು, ಬಾಯಿ ಮಡಚಿ, ಪ್ಯಾಕೆಟ್ ಸಮೇತ ಡಬ್ಬಿಯಲ್ಲಿಡುವುದು ಮೇಲು. ಒಲೆಯ ಮೇಲಿನ ಗೂಡು ಕೈಗೆ ಹತ್ತಿರ, ಕಾಫಿಗೆ ಶತ್ರು. ಒದ್ದೆ ಚಮಚದ ವಿಷಯ ಉಪ್ಪಿನಕಾಯಿ ಹಾಕುವ ಮನೆಯವರಿಗೆ ಹೇಳಬೇಕಾಗಿಲ್ಲ.

ಫ್ರಿಜ್ಜಿನ ಸಹವಾಸ ಬೇಡ. ಕಾಫಿಪುಡಿ ಸುತ್ತಲಿನ ವಾಸನೆಯನ್ನು ಎಳೆದುಕೊಳ್ಳುವುದರಲ್ಲಿ ಎತ್ತಿದ ಕೈ, ಜೊತೆಗೆ ಪ್ರತಿ ಸಲ ಹೊರಗೆ ತೆಗೆದಾಗ ತಣ್ಣನೆಯ ಪುಡಿಯ ಮೇಲೆ ಗಾಳಿಯ ತೇವ ಕೂರುತ್ತದೆ. ಒಂದು ಮಳೆಗಾಲದಲ್ಲಿ ನಾನು ಬುದ್ಧಿವಂತಿಕೆ ತೋರಿಸಲು ಹೋಗಿ, ಬಾಯಿ ಸರಿಯಾಗಿ ಮುಚ್ಚದ ಡಬ್ಬಿಯನ್ನು ಕಳಲೆ ಪಲ್ಯದ ಪಾತ್ರೆಯ ಪಕ್ಕ ಇಟ್ಟಿದ್ದೆ. ನಾಲ್ಕು ದಿನ ಕಳಲೆ ಕಾಫಿ ಕುಡಿದೆವು.

ಹಳತಾದ ಪುಡಿಯನ್ನು ಫಿಲ್ಟರಿನಲ್ಲೇ ಗುರುತಿಸಬಹುದು. ಬಿಸಿನೀರು ಹೊಯ್ದಾಗ ತಾಜಾ ಪುಡಿ ಒಳಗಿನ ಅನಿಲ ಬಿಡುತ್ತಾ ನೊರೆಗಟ್ಟಿ ಉಬ್ಬುತ್ತದೆ. ಹಳೆಯದು ಕೆಸರಿನ ಹಾಗೆ ಸುಮ್ಮನೆ ನೆನೆಯುತ್ತದೆ. ಡಿಕಾಕ್ಷನ್ ಇಳಿಯದೆ ನಿಂತರೆ ಮಾತ್ರ ಅದಕ್ಕೆ ಕಾರಣ ಹಳತಾದದ್ದಲ್ಲ. ಪುಡಿ ತೀರಾ ನುಣ್ಣಗಿದೆ, ಇಲ್ಲವೇ ಒತ್ತುವ ಬಿಲ್ಲೆಯನ್ನು ಸಿಟ್ಟಿನಿಂದ ಒತ್ತಿದ್ದೀರಿ.

ಭಾವ ಈಗ ಅರ್ಧ ಕೆಜಿಯ ಬದಲು 200 ಗ್ರಾಮಿನ 80–20 ಪ್ಯಾಕೆಟ್ ತರುತ್ತಿದ್ದಾರೆ. ಬಾಯಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು. ಅಕ್ಕನಿಗೆ ಮಾತ್ರ ಅದು ಹಿಡಿಸಿಲ್ಲ, ಕಾಫಿ ತೆಳ್ಳಗಾಯಿತು ಅನ್ನುತ್ತಾಳೆ. ಹಳೇ 53–47ರ ಉಳಿದ ಪುಡಿಯನ್ನು ಬೇರೆ ಡಬ್ಬಿಯಲ್ಲಿ ಎತ್ತಿಟ್ಟುಕೊಂಡು, ಭಾವ ತೋಟಕ್ಕೆ ಹೋದ ಮೇಲೆ ತನಗೊಂದು ಲೋಟ ಮಾಡಿಕೊಳ್ಳುತ್ತಾಳೆ.